ಫೈಲಿಗೆ 777 ಕೊಟ್ಟರೂ 403 ತಪ್ಪುತ್ತಿಲ್ಲ: ಮನೆಯ ಕಂಪ್ಯೂಟರಿನಲ್ಲಿ ಅಪಾಚೆ ಮತ್ತು ಪಿಎಚ್‌ಪಿ

ಕೌಲ್‌ಬಜಾರ್ ಕತ್ತರಿ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣ ಬಳ್ಳಾರಿಯಲ್ಲಿ ಒಂದು ಸಣ್ಣ ಜೀನ್ಸ್ ಹೊಲಿಗೆ ಘಟಕ ನಡೆಸುತ್ತಾರೆ. ಯಾವ ಟೈಲರ್ ಯಾವ ಲಾಟಿನಲ್ಲಿ ಎಷ್ಟು ಪೀಸ್ ಹೊಲಿದರು, ವಾಷಿಂಗಿಗೆ ಎಷ್ಟು ಹೋಯಿತು, ಶನಿವಾರ ಯಾರಿಗೆ ಎಷ್ಟು ಬಟವಾಡೆ ಆಗಬೇಕು ಎಂಬ ಲೆಕ್ಕಕ್ಕಾಗಿ ಹಲವು ವರ್ಷಗಳ ಹಿಂದೆ ನಾನು ಪಿಎಚ್‌ಪಿಯಲ್ಲಿ (ವೆಬ್ ಪುಟಗಳನ್ನು ತಯಾರಿಸುವ ಪ್ರೋಗ್ರಾಮಿಂಗ್ ಭಾಷೆ) ಕೆಲವು ಪುಟಗಳನ್ನು ಬರೆದುಕೊಟ್ಟಿದ್ದೆ. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ, ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಎಲ್ಲವನ್ನೂ ಒಟ್ಟಿಗೆ ಕೊಡುವ ಹಳೆಯ ಝಾಂಪ್ ಮೇಲೆ, ಅದು ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. ಕಂಪ್ಯೂಟರ್ ತೀರ ನಿಧಾನವಾಯಿತೆಂದು, ಎಂಜಿನಿಯರಿಂಗ್ ಓದುತ್ತಿರುವ ಸಂಬಂಧಿಕರ ಹುಡುಗನೊಬ್ಬ ಕಳೆದ ವಾರ ಅದರಲ್ಲಿ ಲಿನಕ್ಸಿನ ಒಂದು ರೂಪವಾದ ಉಬುಂಟು 22.04 ಹಾಕಿಕೊಟ್ಟು ಊರಿಗೆ ಹೋದ. ಅಪಾಚೆ (ಪುಟಗಳನ್ನು ಬ್ರೌಸರಿಗೆ ಕಳಿಸುವ ವೆಬ್ ಸರ್ವರ್), ಪಿಎಚ್‌ಪಿ, ಮರಿಯಾಡಿಬಿ (ಡೇಟಾಬೇಸ್) ಎಲ್ಲವನ್ನೂ ಸ್ಥಾಪಿಸಿದ್ದೇನೆ ಎಂದು ಹೇಳಿದ್ದಾನೆ.

ನನ್ನ ಪುಟಗಳಿರುವ ‘ಲೆಕ್ಕ’ ಎಂಬ ಫೋಲ್ಡರನ್ನು ನನ್ನ ಹೋಮ್ ಫೋಲ್ಡರಿನೊಳಗೆ ಇಟ್ಟು, ಅಪಾಚೆಯ ಸಂರಚನೆಯಲ್ಲಿ (ಕಾನ್ಫಿಗರೇಶನ್) ಅದಕ್ಕೆ ‘ಅಲಿಯಾಸ್’ (ವೆಬ್ ವಿಳಾಸವನ್ನು ಫೋಲ್ಡರಿಗೆ ಜೋಡಿಸುವ ಸಾಲು) ಬರೆದು, ಎಲ್ಲರಿಗೂ ಒಪ್ಪಿಗೆ ಕೊಡುವ ‘ರಿಕ್ವೈರ್ ಆಲ್ ಗ್ರಾಂಟೆಡ್’ ಎಂಬ ಸಾಲನ್ನೂ ಸೇರಿಸಿದ್ದೇನೆ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ (ಇದೇ ಕಂಪ್ಯೂಟರಿನ ವಿಳಾಸ) ತೆರೆದರೆ ಉಬುಂಟುವಿನ ಸ್ವಾಗತ ಪುಟ ಸರಿಯಾಗಿ ಬರುತ್ತದೆ. ಲೋಕಲ್‌ಹೋಸ್ಟ್/ಲೆಕ್ಕ ತೆರೆದರೆ ‘403 ಫರ್‌ಬಿಡನ್’ (ಪ್ರವೇಶವಿಲ್ಲ) ಎಂದು ಬರುತ್ತದೆ. ಎಲ್ಲೋ ಓದಿದಂತೆ ಅನುಮತಿ ಬದಲಿಸುವ ‘ಸಿಎಚ್‌ಮಾಡ್ -ಆರ್ 777’ ಕಮಾಂಡ್ ಕೊಟ್ಟು ಆ ಫೋಲ್ಡರಿನ ಎಲ್ಲ ಫೈಲುಗಳನ್ನೂ ಎಲ್ಲರಿಗೂ ತೆರೆದಿಟ್ಟೆ. ಆದರೂ 403 ಹೋಗಲಿಲ್ಲ. ಪರೀಕ್ಷೆಗೆಂದು ಒಂದು ಪುಟವನ್ನು ಮಾತ್ರ ಅಪಾಚೆಯ ಮೂಲ ಫೋಲ್ಡರಿಗೆ ನಕಲು ಮಾಡಿ ತೆರೆದಾಗ, ಪುಟದ ಬದಲು ನಾನು ಬರೆದ ಕೋಡೇ ಬ್ರೌಸರಿನಲ್ಲಿ ಕಾಣಿಸಿತು. ಟರ್ಮಿನಲ್ಲಿನಲ್ಲಿ ‘ಪಿಎಚ್‌ಪಿ -ವಿ’ ಎಂದರೆ ಆವೃತ್ತಿಯ ಸಂಖ್ಯೆ ತೋರಿಸುತ್ತದೆ. ಅಂದ ಮೇಲೆ ಪಿಎಚ್‌ಪಿ ಇದೆ ಎಂದೇ ಅರ್ಥವಲ್ಲವೇ? ಶನಿವಾರದೊಳಗೆ ಇದು ನಡೆಯದಿದ್ದರೆ ಅಣ್ಣ ಮತ್ತೆ ಉದ್ದನೆಯ ನೋಟ್‌ಬುಕ್ ತೆಗೆಯುತ್ತಾರೆ.

ಭತ್ತದ ಗದ್ದೆ (ಸಿರುಗುಪ್ಪ)

ಇಷ್ಟೆಲ್ಲ ಕಷ್ಟ ಯಾಕೆ? ಲಿನಕ್ಸಿಗೂ ಝಾಂಪ್ ಇದೆ. ಅದನ್ನೇ ಹಾಕಿಕೊಂಡರೆ ಮೊದಲಿನಂತೆಯೇ ನಡೆಯುತ್ತದೆ.

ಶಕ್ತಿನಗರದ ಹಳಬ (ರಾಯಚೂರು)

ಝಾಂಪ್ ಹಾಕಿಕೊಂಡರೆ ಎರಡನೆಯ ತೊಂದರೆ ಹೋದೀತು, ಮೊದಲನೆಯದು ಹಾಗೆಯೇ ಉಳಿಯುತ್ತದೆ. ಲಿನಕ್ಸಿನ ಝಾಂಪಿನಲ್ಲಿ ಅಪಾಚೆ ‘ಡೀಮನ್’ ಎಂಬ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ, ಉಬುಂಟುವಿನ ಅಪಾಚೆ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’ ಎಂಬ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ. ಇಬ್ಬರೂ ನಿಮ್ಮ ಹೋಮ್ ಫೋಲ್ಡರಿಗೆ ಹೊರಗಿನವರೇ. ಕೌಲ್‌ಬಜಾರಿನವರು ಹೇಳಿರುವುದನ್ನು ನೋಡಿದರೆ ಇಲ್ಲಿ ಎರಡು ಬೇರೆ ಬೇರೆ ದೋಷಗಳಿವೆ. ಅವನ್ನು ಒಂದೇ ಎಂದುಕೊಂಡು ಹೊರಟರೆ ಇನ್ನೂ ನಾಲ್ಕು ದೋಷಗಳನ್ನು ನಾವೇ ಸೇರಿಸಿಕೊಳ್ಳುತ್ತೇವೆ. 777 ಅವುಗಳಲ್ಲಿ ಮೊದಲನೆಯದು.

403ರ ವಿಷಯ ಮೊದಲು. ಲಿನಕ್ಸಿನಲ್ಲಿ ಅನುಮತಿಯ ಮೂರು ಅಂಕಿಗಳಲ್ಲಿ ಮೊದಲನೆಯದು ಒಡೆಯನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದವರಿಗೆ ಎಂಬುದೂ, 4 ಎಂದರೆ ಓದು, 2 ಎಂದರೆ ಬರೆ, 1 ಎಂದರೆ ನಡೆಸು, ಕೂಡಿಸಿ 7 ಎಂದರೆ ಮೂರೂ ಎಂಬುದೂ ನಿಮಗೆ ಗೊತ್ತಿರಬಹುದು. ಆದರೆ ಈ ಅಂಕಿಗಳಿಗೆ ಫೈಲಿನಲ್ಲಿ ಇರುವ ಅರ್ಥ ಫೋಲ್ಡರಿನಲ್ಲಿ ಇಲ್ಲ. ಫೋಲ್ಡರಿನಲ್ಲಿ 4 ಎಂದರೆ ಒಳಗೆ ಏನೇನಿದೆ ಎಂಬ ಪಟ್ಟಿ ನೋಡುವ ಹಕ್ಕು. 2 ಎಂದರೆ ಒಳಗೆ ಹೊಸದನ್ನು ಇಡುವ, ಇದ್ದುದನ್ನು ಅಳಿಸುವ ಹಕ್ಕು. 1 ಎಂದರೆ ಅದನ್ನು ದಾಟಿ ಒಳಗೆ ಹೋಗುವ ಹಕ್ಕು. ಒಂದು ಫೈಲನ್ನು ಓದಬೇಕಾದರೆ ಆ ಫೈಲಿನ ಮೇಲೆ 4 ಇದ್ದರೆ ಸಾಲದು. ಬೇರಿನಿಂದ (‘/’ ಎಂಬ ಎಲ್ಲಕ್ಕೂ ಮೇಲಿನ ಫೋಲ್ಡರು) ಆ ಫೈಲಿನವರೆಗಿನ ಪ್ರತಿಯೊಂದು ಫೋಲ್ಡರಿನ ಮೇಲೂ 1 ಇರಬೇಕು. ನಮ್ಮ ಕಡೆಯ ಹಳ್ಳಿಗಳಲ್ಲಿ ಊರ ಅಗಸಿ ಬಾಗಿಲು ಮುಚ್ಚಿದ ಮೇಲೆ ನೀವು ನಿಮ್ಮ ಮನೆಯ ಕದವನ್ನು ಎಷ್ಟು ಅಗಲ ತೆರೆದಿಟ್ಟರೂ ಹೊರಗಿನಿಂದ ಬಂದವನು ಅಗಸಿಯ ಆಚೆಗೇ ನಿಂತಿರಬೇಕಾಗುತ್ತಿತ್ತು. ನೀವು 777 ಕೊಟ್ಟದ್ದು ಮನೆಯ ಕದಕ್ಕೆ.

ಉಬುಂಟು 21.04ರಿಂದ ಈಚೆಗೆ ಹೊಸದಾಗಿ ಸೃಷ್ಟಿಯಾಗುವ ಹೋಮ್ ಫೋಲ್ಡರಿನ ಅನುಮತಿ 750 ಆಗಿರುತ್ತದೆ. ಅದಕ್ಕೂ ಮೊದಲು 755 ಇರುತ್ತಿತ್ತು. ಹಳೆಯ ಲೇಖನಗಳನ್ನು ನೋಡಿಕೊಂಡು ಹೋಮ್ ಫೋಲ್ಡರಿನಲ್ಲಿ ಪುಟಗಳನ್ನು ಇಡುವವರು ಎಡವುತ್ತಿರುವುದು ಇಲ್ಲೇ. ಆ ಕೊನೆಯ ಸೊನ್ನೆಯೇ ಮುಚ್ಚಿದ ಅಗಸಿ ಎಂದು ನನ್ನ ಊಹೆ. ಆದರೆ ಊಹೆಯ ಮೇಲೆ ಏನನ್ನೂ ಬದಲಾಯಿಸುವುದು ಬೇಡ. ಎರಡು ಪುರಾವೆಗಳನ್ನು ತನ್ನಿ. ಮೊದಲನೆಯದು, ‘ವಾರ್’ ಫೋಲ್ಡರಿನ ‘ಲಾಗ್’ ಒಳಗೆ ಅಪಾಚೆ2 ಎಂಬಲ್ಲಿರುವ ಎರರ್ ಲಾಗಿನ ಕೊನೆಯ ಸಾಲುಗಳು. 403 ಎಂಬ ಒಂದೇ ಸಂಖ್ಯೆಯ ಹಿಂದೆ ಹಲವು ಕಾರಣಗಳಿರುತ್ತವೆ, ಅದು ಯಾವುದೆಂದು ಬ್ರೌಸರ್ ಹೇಳುವುದಿಲ್ಲ, ಲಾಗ್ ಹೇಳುತ್ತದೆ. ಎಎಚ್01630 ಎಂದಿದ್ದರೆ ನಿಮ್ಮ ಸಂರಚನೆಯೇ ಬೇಡ ಎನ್ನುತ್ತಿದೆ ಎಂದರ್ಥ; ಎಎಚ್00035 ಎಂದಿದ್ದರೆ ದಾರಿಯಲ್ಲಿ ಯಾವುದೋ ಫೋಲ್ಡರನ್ನು ದಾಟಲಾಗುತ್ತಿಲ್ಲ ಎಂದರ್ಥ. ಎರಡನೆಯದು, ‘ನೇಮ್‌ಐ -ಎಲ್’ ಎಂಬ ಕಮಾಂಡಿನ ಮುಂದೆ ನಿಮ್ಮ ಮುಖಪುಟದ ಪೂರ್ತಿ ವಿಳಾಸ ಕೊಟ್ಟಾಗ ಬರುವ ಉತ್ತರ. ಬೇರಿನಿಂದ ಹಿಡಿದು ಒಂದೊಂದು ಮೆಟ್ಟಿಲಿನ ಒಡೆಯ, ಗುಂಪು, ಅನುಮತಿ ಮೂರನ್ನೂ ಸಾಲಾಗಿ ತೋರಿಸುವ ಈ ಕಮಾಂಡನ್ನು ಬಲ್ಲವರು ಕಡಿಮೆ. ನನಗಂತೂ ಇದೊಂದು ಗೊತ್ತಿದ್ದರೆ ಅರ್ಧ ಜಗಳ ಮುಗಿದಂತೆ.

ಅಲ್ಲಿಯವರೆಗೆ ದಯವಿಟ್ಟು ಇನ್ನೆಲ್ಲಿಯೂ 777 ಕೊಡಬೇಡಿ. ಬಹಳ ಹಿಂದೆ ನಾನು ಇದೇ ಅವಸರದಲ್ಲಿ, ಚುಕ್ಕೆ ಸ್ಲ್ಯಾಷ್ ಎಂದು ಒತ್ತಬೇಕಾದಲ್ಲಿ ಚುಕ್ಕೆ ಮರೆತು ಬರೀ ಸ್ಲ್ಯಾಷ್ ಒತ್ತಿ, ಇಡೀ ಕಂಪ್ಯೂಟರಿಗೇ 777 ಕೊಟ್ಟಿದ್ದೆ. ಹಾಗೆ ಮಾಡಿದಾಗ ಆಡಳಿತದ ಅಧಿಕಾರದಿಂದ ಕಮಾಂಡ್ ನಡೆಸುವ ‘ಸುಡೊ’ ಎಂಬ ಫೈಲಿನ ಮೇಲಿರುವ ವಿಶೇಷ ಗುರುತು ಅಳಿಸಿಹೋಗಿ ‘ಸುಡೊ’ವೇ ಕೆಲಸ ಮಾಡುವುದಿಲ್ಲ, ತಪ್ಪನ್ನು ತಿದ್ದುವ ಕೈಯನ್ನೇ ಕಡಿದುಕೊಂಡಂತೆ. ಎರಡು ದಿನ ಕೂತು ಎಲ್ಲವನ್ನೂ ಹೊಸದಾಗಿ ಹಾಕಬೇಕಾಯಿತು, ಅದೂ ರಾಯಚೂರಿನ ಮೇ ತಿಂಗಳಿನಲ್ಲಿ.

ಕೌಲ್‌ಬಜಾರ್ ಕತ್ತರಿ (ಬಳ್ಳಾರಿ)

ಹಿರಿಯರೆ, ನೀವು ಹೇಳಿದಂತೆಯೇ ಇದೆ. ಲಾಗಿನಲ್ಲಿ ಎಎಚ್00035 ಎಂಬ ಸಾಲು ಒಂದರ ಕೆಳಗೊಂದು ಹತ್ತಾರು ಸಲ ಬಂದಿದೆ. ‘ನೇಮ್‌ಐ’ ಉತ್ತರದಲ್ಲಿ ಬೇರು, ‘ಹೋಮ್’ ಎರಡೂ 755 ಇವೆ. ನನ್ನ ಹೆಸರಿನ ಫೋಲ್ಡರಿನ ಎದುರು ಕೊನೆಯ ಮೂರು ಸ್ಥಾನಗಳಲ್ಲಿ ಬರೀ ಅಡ್ಡಗೆರೆಗಳಿವೆ. ಅದರ ಕೆಳಗೆ ‘ಲೆಕ್ಕ’ ಮಾತ್ರ ಬಾಗಿಲು ತೆರೆದುಕೊಂಡು ಕೂತಿದೆ. ಹಾಗಾದರೆ ನನ್ನ ಹೋಮ್ ಫೋಲ್ಡರಿಗೆ 755 ಕೊಡಲೇ?

ಶಕ್ತಿನಗರದ ಹಳಬ (ರಾಯಚೂರು)

ಕೊಡಬಹುದು, ಆದರೆ ಕೊಡಬೇಡಿ ಎನ್ನುತ್ತೇನೆ. 755 ಕೊಟ್ಟರೆ ಆ ಕಂಪ್ಯೂಟರಿನ ಬೇರೆ ಯಾವುದೇ ಬಳಕೆದಾರ ನಿಮ್ಮ ಹೋಮ್ ಫೋಲ್ಡರಿನ ಪಟ್ಟಿಯನ್ನು ನೋಡಬಲ್ಲ. 751 ಕೊಟ್ಟರೆ ಪಟ್ಟಿ ಕಾಣುವುದಿಲ್ಲ, ದಾಟಿ ಹೋಗಲು ಮಾತ್ರ ದಾರಿ ಸಿಗುತ್ತದೆ. ಇನ್ನೂ ಬಿಗಿಯಾಗಿ ಬೇಕೆಂದರೆ ‘ಸೆಟ್‌ಎಫ್‌ಎಸಿಎಲ್’ ಎಂಬ ಕಮಾಂಡಿನಿಂದ ಸರ್ವರಿನ ಬಳಕೆದಾರನೊಬ್ಬನಿಗೆ ಮಾತ್ರ ದಾಟುವ ಹಕ್ಕು ಕೊಡಬಹುದು. ಆದರೆ ನನ್ನ ಸಲಹೆ ಇವೆಲ್ಲಕ್ಕಿಂತ ಸರಳ: ‘ಲೆಕ್ಕ’ವನ್ನು ಹೋಮ್ ಫೋಲ್ಡರಿನಿಂದ ತೆಗೆದು ‘ವಾರ್’ ಒಳಗಿನ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ’ ಫೋಲ್ಡರಿಗೆ ಸಾಗಿಸಿ, ಅಲಿಯಾಸಿನ ಸಾಲಿನಲ್ಲಿ ಹೊಸ ವಿಳಾಸ ಬರೆಯಿರಿ. ಅಲ್ಲಿ ದಾರಿ ಮೊದಲಿನಿಂದಲೂ ತೆರೆದಿದೆ, ಉಬುಂಟುವಿನ ಮೂಲ ಸಂರಚನೆಯೂ ಆ ಜಾಗಕ್ಕೆ ಒಪ್ಪಿಗೆ ಕೊಟ್ಟಿದೆ.

ಸಾಗಿಸಿದ ಮೇಲೆ 777 ಅನ್ನು ಹಿಂದಕ್ಕೆ ತೆಗೆಯಲೇಬೇಕು. ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಸಾಕು. ಪಿಎಚ್‌ಪಿ ಫೈಲಿಗೆ ‘ನಡೆಸು’ ಎಂಬ ಅನುಮತಿ ಬೇಕೇಬೇಕು ಎಂಬ ನಂಬಿಕೆ ಪರ್ಲ್ ಮತ್ತು ಸಿಜಿಐ ಕಾಲದಿಂದ ಬಂದದ್ದು. ಆಗ ಸ್ಕ್ರಿಪ್ಟನ್ನೇ ಒಂದು ಪ್ರೋಗ್ರಾಮಿನಂತೆ ನಡೆಸುತ್ತಿದ್ದುದರಿಂದ 755 ಬೇಕಾಗುತ್ತಿತ್ತು. ಅಪಾಚೆಯೊಳಗೆ ಕೂತ ಪಿಎಚ್‌ಪಿ ನಿಮ್ಮ ಫೈಲನ್ನು ಓದುತ್ತದೆ ಅಷ್ಟೆ, ಓದಲು 4 ಸಾಕು.

ಕಿನ್ನಾಳದ ಬಣ್ಣ (ಕೊಪ್ಪಳ)

ಒಂದೊಂದನ್ನೇ ತಿದ್ದುವ ಬದಲು ‘ಸಿಎಚ್‌ಮಾಡ್’ನಲ್ಲಿ ದೊಡ್ಡಕ್ಷರದ ಎಕ್ಸ್ ಬಳಸಿದರೆ ಒಂದೇ ಏಟಿಗೆ ಫೋಲ್ಡರುಗಳಿಗೆ ಮಾತ್ರ ದಾಟುವ ಹಕ್ಕು ಸಿಗುತ್ತದೆಯಲ್ಲವೇ? ನಾನು ಯಾವಾಗಲೂ ಹಾಗೆಯೇ ಮಾಡುತ್ತೇನೆ.

ಶಕ್ತಿನಗರದ ಹಳಬ (ರಾಯಚೂರು)

ಸಾಮಾನ್ಯವಾಗಿ ಅದು ಒಳ್ಳೆಯ ಉಪಾಯವೇ. ಆದರೆ ಇವರ ವಿಷಯದಲ್ಲಿ ಕೈಕೊಡುತ್ತದೆ. ದೊಡ್ಡಕ್ಷರದ ಎಕ್ಸ್ ಫೋಲ್ಡರುಗಳ ಜೊತೆಗೆ, ಈಗಾಗಲೇ ಯಾರಿಗಾದರೂ ‘ನಡೆಸು’ ಅನುಮತಿ ಇರುವ ಫೈಲುಗಳಿಗೂ ಅದನ್ನು ಉಳಿಸಿಕೊಡುತ್ತದೆ. 777 ಕೊಟ್ಟ ಮೇಲೆ ಎಲ್ಲ ಫೈಲುಗಳಿಗೂ ಆ ಅನುಮತಿ ಬಂದುಬಿಟ್ಟಿದೆ. ಹೀಗಾಗಿ ‘ಫೈಂಡ್’ ಕಮಾಂಡನ್ನು ಎರಡು ಸಲ ನಡೆಸುವುದೇ ಸರಿ: ‘-ಟೈಪ್ ಡಿ’ ಎಂದು ಕೊಟ್ಟು ಫೋಲ್ಡರುಗಳನ್ನು ಆರಿಸಿ ಅವಕ್ಕೆ 755, ‘-ಟೈಪ್ ಎಫ್’ ಎಂದು ಕೊಟ್ಟು ಫೈಲುಗಳನ್ನು ಆರಿಸಿ ಅವಕ್ಕೆ 644.

ಇನ್ನು ಎರಡನೆಯ ದೋಷ, ಕೋಡೇ ಕಾಣಿಸುವುದು. ಟರ್ಮಿನಲ್ಲಿನಲ್ಲಿ ನಡೆಯುವ ಪಿಎಚ್‌ಪಿ ಬೇರೆ, ಅಪಾಚೆಯ ಒಳಗೆ ನಡೆಯುವ ಪಿಎಚ್‌ಪಿ ಬೇರೆ. ಆ ಹುಡುಗ ‘ಪಿಎಚ್‌ಪಿ-ಸಿಎಲ್‌ಐ’ ಎಂಬ ಪ್ಯಾಕೇಜನ್ನು ಮಾತ್ರ ಹಾಕಿರಬೇಕು. ಅಪಾಚೆಗೆ ‘ಲಿಬ್‌ಅಪಾಚೆ2-ಮಾಡ್-ಪಿಎಚ್‌ಪಿ’ ಎಂಬ ಪ್ಯಾಕೇಜು ಬೇಕು. ಅದಿಲ್ಲದಿದ್ದರೆ ಅಪಾಚೆಗೆ ಪಿಎಚ್‌ಪಿ ಫೈಲೂ ಒಂದೇ, ಪಠ್ಯದ ಫೈಲೂ ಒಂದೇ. ಇದ್ದದ್ದನ್ನು ಇದ್ದ ಹಾಗೆ ಬ್ರೌಸರಿಗೆ ಕಳಿಸುತ್ತದೆ. ಈ ದೋಷ 403ಕ್ಕಿಂತ ಅಪಾಯದ್ದು ಎಂಬುದನ್ನು ಗಮನಿಸಿ. ಡೇಟಾಬೇಸಿನ ಪಾಸ್‌ವರ್ಡ್ ಬರೆದ ಫೈಲನ್ನೇ ನೀವು ಪರೀಕ್ಷೆಗೆ ಆರಿಸಿಕೊಂಡಿದ್ದರೆ ಅದೂ ಹೀಗೆಯೇ ಪರದೆಯ ಮೇಲೆ ಬರುತ್ತಿತ್ತು.

ಭತ್ತದ ಗದ್ದೆ (ಸಿರುಗುಪ್ಪ)

ಇನ್ನೊಂದನ್ನೂ ನೋಡಿಕೊಳ್ಳಿ. ಹಳೆಯ ಕೋಡಿನಲ್ಲಿ ಆರಂಭದ ಗುರುತನ್ನು ‘ಪಿಎಚ್‌ಪಿ’ ಎಂಬ ಮೂರಕ್ಷರವಿಲ್ಲದೆ ಬರೀ ಕೋನದ ಗುರುತು ಮತ್ತು ಪ್ರಶ್ನಾರ್ಥಕ ಚಿಹ್ನೆಯಿಂದ ಬರೆಯುವ ಅಭ್ಯಾಸವಿತ್ತು. ಉಬುಂಟುವಿನ ಸಂರಚನೆಯಲ್ಲಿ ‘ಶಾರ್ಟ್ ಓಪನ್ ಟ್ಯಾಗ್’ ಆಫ್ ಇರುತ್ತದೆ. ಮಾಡ್ಯೂಲ್ ಇದ್ದರೂ ಅಂಥ ಭಾಗಗಳು ಕೋಡಾಗಿಯೇ ಉಳಿಯುತ್ತವೆ. ಝಾಂಪ್ ಹಾಕಿ ಎಂದು ನಾನು ಹೇಳಿದ್ದು ಅವಸರದ ಮಾತಾಯಿತು, ಹಿಂದಕ್ಕೆ ಪಡೆಯುತ್ತೇನೆ.

ಕೌಲ್‌ಬಜಾರ್ ಕತ್ತರಿ (ಬಳ್ಳಾರಿ)

403 ಹೋಯಿತು. ಫೋಲ್ಡರನ್ನು ಸಾಗಿಸಿ, ಅನುಮತಿಗಳನ್ನು 755 ಮತ್ತು 644ಕ್ಕೆ ತಂದಿದ್ದೇನೆ. ಒಂದು ಹಳೆಯ ಪುಟದಲ್ಲಿದ್ದ ಕಮಾಂಡನ್ನು ನೋಡಿ ಅಪಾಚೆಗೆ ಪಿಎಚ್‌ಪಿ 8.1ರ ಮಾಡ್ಯೂಲನ್ನೂ ಹಾಕಿದೆ. ಈಗ ಕೋಡು ಕಾಣಿಸುವುದಿಲ್ಲ, ಅದರ ಬದಲು 500 ಎಂಬ ಸರ್ವರ್ ದೋಷ ಬರುತ್ತಿದೆ. ಈ ಸಲ ನಾನೇ ಮೊದಲು ಲಾಗ್ ತೆರೆದೆ. ಡೇಟಾಬೇಸಿಗೆ ಸಂಪರ್ಕ ಕಲ್ಪಿಸುವ ‘ಮೈಎಸ್‌ಕ್ಯೂಎಲ್‌ಐ ಕನೆಕ್ಟ್’ ಎಂಬ ಫಂಕ್ಷನ್ನೇ ಇಲ್ಲ ಎನ್ನುತ್ತಿದೆ. ಆದರೆ ಟರ್ಮಿನಲ್ಲಿನಲ್ಲಿ ‘ಪಿಎಚ್‌ಪಿ -ಎಂ’ ಎಂದು ಕೇಳಿದರೆ ಪಟ್ಟಿಯಲ್ಲಿ ಮೈಎಸ್‌ಕ್ಯೂಎಲ್‌ಐ ಇದೆ. ವಿಂಡೋಸಿನಲ್ಲಿ ಮಾಡುತ್ತಿದ್ದಂತೆ ಪಿಎಚ್‌ಪಿಯ ಸಂರಚನೆಯಾದ ಪಿಎಚ್‌ಪಿ.ಐಎನ್‌ಐ ಫೈಲಿನಲ್ಲಿ ಎಕ್ಸ್‌ಟೆನ್ಶನ್ (ಪಿಎಚ್‌ಪಿಗೆ ಸೇರಿಸುವ ಹೆಚ್ಚುವರಿ ಭಾಗ) ಸಾಲಿನ ಹಿಂದಿದ್ದು ಅದನ್ನು ನಿಷ್ಕ್ರಿಯವಾಗಿಸುವ ಅರ್ಧವಿರಾಮವನ್ನೂ ತೆಗೆದು ನೋಡಿದೆ, ಪ್ರಯೋಜನವಾಗಲಿಲ್ಲ.

ಕಿನ್ನಾಳದ ಬಣ್ಣ (ಕೊಪ್ಪಳ)

‘ಪಿಎಚ್‌ಪಿ -ವಿ’ ಎಂದಾಗ ನಿಖರವಾಗಿ ಯಾವ ಆವೃತ್ತಿ ತೋರಿಸುತ್ತದೆ?

ಕೌಲ್‌ಬಜಾರ್ ಕತ್ತರಿ (ಬಳ್ಳಾರಿ)

8.3 ಎಂದು.

ಕಿನ್ನಾಳದ ಬಣ್ಣ (ಕೊಪ್ಪಳ)

ಹಾಗಿದ್ದರೆ ಗಂಟು ಅಲ್ಲಿಯೇ ಇದೆ. ಉಬುಂಟು 22.04ರ ಸ್ವಂತ ಭಂಡಾರದಲ್ಲಿ (ಪ್ಯಾಕೇಜುಗಳ ಸಂಗ್ರಹ) ಇರುವುದು ಪಿಎಚ್‌ಪಿ 8.1, 8.3 ಬರುವುದು 24.04ರಲ್ಲಿ. ಆ ಹುಡುಗ ಹೊರಗಿನ ಭಂಡಾರವೊಂದನ್ನು ಸೇರಿಸಿ 8.3 ಹಾಕಿದ್ದಾನೆ, ಮೈಎಸ್‌ಕ್ಯೂಎಲ್ ಎಕ್ಸ್‌ಟೆನ್ಶನನ್ನೂ 8.3ಕ್ಕೇ ಹಾಕಿದ್ದಾನೆ; ನೀವು ಹಳೆಯ ಪುಟ ನೋಡಿ ಅಪಾಚೆಗೆ 8.1 ಹಾಕಿದ್ದೀರಿ. ಪಿಎಚ್‌ಪಿಯ ಎಕ್ಸ್‌ಟೆನ್ಶನ್‌ಗಳು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹೊಂದುವುದಿಲ್ಲ. ‘ಯುಎಸ್‌ಆರ್’ ಒಳಗಿನ ‘ಲಿಬ್’, ಅದರೊಳಗಿನ ‘ಪಿಎಚ್‌ಪಿ’ ಫೋಲ್ಡರನ್ನು ತೆರೆದು ನೋಡಿ. ದಿನಾಂಕಗಳಂತೆ ಕಾಣುವ ಹೆಸರಿನ ಎರಡು ಫೋಲ್ಡರುಗಳಿರುತ್ತವೆ. 20210902 ಎಂಬುದು 8.1ರ ಎಕ್ಸ್‌ಟೆನ್ಶನ್‌ಗಳ ಮನೆ, 20230831 ಎಂಬುದು 8.3ರದ್ದು. ಎರಡನೆಯದರಲ್ಲಿ ಮೈಎಸ್‌ಕ್ಯೂಎಲ್‌ಐ ಇರುತ್ತದೆ, ಮೊದಲನೆಯದರಲ್ಲಿ ಇರುವುದಿಲ್ಲ.

ನೀವು ಅರ್ಧವಿರಾಮ ತೆಗೆದದ್ದು ಯಾವ ಪಿಎಚ್‌ಪಿ.ಐಎನ್‌ಐ ಫೈಲಿನಲ್ಲಿ ಎಂಬುದೂ ಮುಖ್ಯ. ‘ಇಟಿಸಿ’ಯ ‘ಪಿಎಚ್‌ಪಿ’ ಫೋಲ್ಡರಿನಲ್ಲಿ ಪ್ರತಿ ಆವೃತ್ತಿಗೂ ಒಂದು ಕವಲು, ಪ್ರತಿ ಕವಲಿನಲ್ಲೂ ‘ಸಿಎಲ್‌ಐ’ಗೆ ಒಂದು, ‘ಅಪಾಚೆ2’ಕ್ಕೆ ಒಂದು ಹೀಗೆ ಬೇರೆ ಬೇರೆ ಪಿಎಚ್‌ಪಿ.ಐಎನ್‌ಐ ಇರುತ್ತವೆ. ಟರ್ಮಿನಲ್ಲಿನಲ್ಲಿ ವಿಚಾರಿಸಿದರೆ ‘ಸಿಎಲ್‌ಐ’ಯ ಉತ್ತರವೇ ಬರುತ್ತದೆ. ಅಪಾಚೆಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ‘ಪಿಎಚ್‌ಪಿಇನ್‌ಫೊ’ ಫಂಕ್ಷನ್ನನ್ನು ಕರೆಯುವ ಒಂದು ಸಾಲಿನ ಪುಟವನ್ನು ಬ್ರೌಸರಿನಲ್ಲಿ ತೆರೆಯಬೇಕು. ಅದರಲ್ಲಿ ‘ಲೋಡೆಡ್ ಕಾನ್ಫಿಗರೇಶನ್ ಫೈಲ್’ ಎಂಬ ಸಾಲು ಸತ್ಯ ಹೇಳುತ್ತದೆ.

ಉಬುಂಟುವಿನಲ್ಲಿ ಅರ್ಧವಿರಾಮ ತೆಗೆಯುವ ಅಗತ್ಯವೇ ಇಲ್ಲ. ‘ಪಿಎಚ್‌ಪಿ8.1-ಮೈಎಸ್‌ಕ್ಯೂಎಲ್’ ಪ್ಯಾಕೇಜ್ ಹಾಕಿದರೆ ಅದು ತಾನೇ ತನ್ನನ್ನು ಸೇರಿಸಿಕೊಳ್ಳುತ್ತದೆ. ನೀವು ಮಾಡಬೇಕಾದದ್ದು ಅಪಾಚೆಯನ್ನು ಮರುಚಾಲನೆ ಮಾಡುವುದು. ಕೈಯಿಂದ ಬರೆದ ಸಾಲನ್ನು ಮತ್ತೆ ಅರ್ಧವಿರಾಮ ಹಾಕಿ ಮುಚ್ಚಿಬಿಡಿ, ಇಲ್ಲದಿದ್ದರೆ ಮುಂದೆ ‘ಈಗಾಗಲೇ ಲೋಡ್ ಆಗಿದೆ’ ಎಂಬ ಎಚ್ಚರಿಕೆ ಬರುತ್ತಲೇ ಇರುತ್ತದೆ.

ಬೆಟ್ಟದ ಸಾಲು (ಗಂಗಾವತಿ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ವಿಂಡೋಸಿನಲ್ಲೇ ಇದ್ದೇನೆ, ಹೊಸ ಝಾಂಪ್, ಪಿಎಚ್‌ಪಿ 8.2. ಚಿತ್ರ ಚಿಕ್ಕದು ಮಾಡುವ ಫಂಕ್ಷನ್ ಇಲ್ಲ ಎಂದು ಬರುತ್ತಿದೆ. ಹಳೆಯ ಪುಸ್ತಕದಲ್ಲಿರುವಂತೆ ‘ಜಿಡಿ2’ ಸಾಲಿಗಾಗಿ ಹುಡುಕಿದರೆ ಅದು ಪಿಎಚ್‌ಪಿ.ಐಎನ್‌ಐನಲ್ಲಿ ಇಲ್ಲವೇ ಇಲ್ಲ.

ಕಿನ್ನಾಳದ ಬಣ್ಣ (ಕೊಪ್ಪಳ)

ಪಿಎಚ್‌ಪಿ 8ರಿಂದ ಅದರ ಹೆಸರು ಬರೀ ‘ಜಿಡಿ’. ‘ಎಕ್ಸ್‌ಟೆನ್ಶನ್=ಜಿಡಿ’ ಎಂಬ ಸಾಲಿನ ಅರ್ಧವಿರಾಮ ತೆಗೆದು, ಝಾಂಪಿನ ಫಲಕದಿಂದ ಅಪಾಚೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಿ. ಅಲ್ಲಿ ಟರ್ಮಿನಲ್ ಮತ್ತು ಅಪಾಚೆ ಎರಡಕ್ಕೂ ಒಂದೇ ಪಿಎಚ್‌ಪಿ.ಐಎನ್‌ಐ ಇರುವುದರಿಂದ ನಿಮ್ಮ ಕೆಲಸ ಸುಲಭ.

ಕೌಲ್‌ಬಜಾರ್ ಕತ್ತರಿ (ಬಳ್ಳಾರಿ)

ನಿನ್ನೆ ರಾತ್ರಿ ಕರೆಂಟು ಹೋಗಿದ್ದರಿಂದ ತಡವಾಯಿತು. ಎರಡು ಫೋಲ್ಡರುಗಳೂ ನೀವು ಹೇಳಿದ ಸಂಖ್ಯೆಗಳಲ್ಲೇ ಇದ್ದವು; 8.1ಕ್ಕೆ ಎಕ್ಸ್‌ಟೆನ್ಶನ್ ಹಾಕಿದ ಕೂಡಲೇ ಆ ದೋಷ ಹೋಯಿತು. ಆದರೆ ಮತ್ತೆ 500. ಈಗ ಲಾಗಿನಲ್ಲಿ ‘ರೂಟ್’ ಎಂಬ ಪರಮಾಧಿಕಾರದ ಬಳಕೆದಾರನಿಗೆ ಪ್ರವೇಶ ನಿರಾಕರಿಸಲಾಗಿದೆ ಎಂದಿದೆ. ಝಾಂಪಿನಲ್ಲಿ ರೂಟ್ ಹೆಸರು, ಖಾಲಿ ಪಾಸ್‌ವರ್ಡ್ ಕೊಟ್ಟು ವರ್ಷಗಟ್ಟಲೆ ನಡೆಸಿದ್ದೇನೆ. ಇನ್ನೊಂದು ವಿಷಯ, 2013ರಲ್ಲಿ ಬರೆದ ಬಟವಾಡೆಯ ಪುಟದಲ್ಲಿ ಮಾತ್ರ ‘ಮೈಎಸ್‌ಕ್ಯೂಎಲ್ ಕನೆಕ್ಟ್’ ಇಲ್ಲ ಎನ್ನುತ್ತದೆ, ಕೊನೆಯಲ್ಲಿ ‘ಐ’ ಅಕ್ಷರವಿಲ್ಲದ್ದು. ಅದಕ್ಕೆ ಯಾವ ಪ್ಯಾಕೇಜ್?

ಶಕ್ತಿನಗರದ ಹಳಬ (ರಾಯಚೂರು)

ಎರಡನೆಯದಕ್ಕೆ ಯಾವ ಪ್ಯಾಕೇಜೂ ಇಲ್ಲ. ಆ ಫಂಕ್ಷನ್‌ಗಳನ್ನು ಪಿಎಚ್‌ಪಿ 7.0ರಲ್ಲೇ ಕಿತ್ತುಹಾಕಿದ್ದಾರೆ. ಪುಟವನ್ನು ಮೈಎಸ್‌ಕ್ಯೂಎಲ್‌ಐಗೋ ಪಿಡಿಒಗೋ (ಡೇಟಾಬೇಸ್ ಸಂಪರ್ಕದ ಇನ್ನೊಂದು ವಿಧಾನ) ತಿದ್ದಿ ಬರೆಯಲೇಬೇಕು. ಬರೆಯುವಾಗ ಕೊನೆಗೆ ‘ಐ’ ಸೇರಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಸಂಪರ್ಕದ ಚರವನ್ನು ಮೊದಲ ಸ್ಥಾನದಲ್ಲಿ ಕೊಡಬೇಕಾಗುತ್ತದೆ, ಮತ್ತು ಹೆಸರುಗಳನ್ನು ಪ್ರಶ್ನೆಯ ಸಾಲಿಗೆ ನೇರವಾಗಿ ಅಂಟಿಸುವ ಹಳೆಯ ಪದ್ಧತಿ ಬಿಟ್ಟು ಪ್ರಶ್ನೆಯನ್ನು ಮೊದಲು ಸಿದ್ಧಪಡಿಸಿ ಮೌಲ್ಯಗಳನ್ನು ಬೇರೆಯಾಗಿ ಕೊಡುವ ‘ಪ್ರಿಪೇರ್’ ಪದ್ಧತಿಗೆ ಬರುವುದು ಒಳ್ಳೆಯದು.

ರೂಟಿನ ವಿಷಯ ಹೀಗೆ. ಉಬುಂಟುವಿನ ಮರಿಯಾಡಿಬಿಯಲ್ಲಿ ರೂಟ್ ಪಾಸ್‌ವರ್ಡಿನಿಂದ ಒಳಗೆ ಬರುವುದಿಲ್ಲ. ಕೇಳುತ್ತಿರುವ ಪ್ರೋಗ್ರಾಮ್ ಯಾವ ಲಿನಕ್ಸ್ ಬಳಕೆದಾರನದು ಎಂದು ನೋಡಿ ಒಳಗೆ ಬಿಡುತ್ತದೆ. ನಿಮ್ಮ ಪುಟಗಳನ್ನು ನಡೆಸುವವನು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ, ಅವನು ರೂಟ್ ಅಲ್ಲ. ಆದ್ದರಿಂದ ಪಾಸ್‌ವರ್ಡ್ ಖಾಲಿ ಇದ್ದರೂ ತುಂಬಿದ್ದರೂ ಅವನಿಗೆ ಬಾಗಿಲು ತೆರೆಯುವುದಿಲ್ಲ. ಅದೇ ಅನುಮತಿಯ ತರ್ಕ ಇಲ್ಲಿಯೂ ನಡೆದಿದೆ ನೋಡಿ. ‘ಸುಡೊ’ ಮೂಲಕ ಮರಿಯಾಡಿಬಿಯನ್ನು ತೆರೆದು, ಲೆಕ್ಕದ ಡೇಟಾಬೇಸಿಗೆ ಮಾತ್ರ ಹಕ್ಕುಳ್ಳ ಹೊಸ ಬಳಕೆದಾರನನ್ನು ಪಾಸ್‌ವರ್ಡ್ ಸಹಿತ ಸೃಷ್ಟಿಸಿ ಅದನ್ನು ಬಳಸಿ. ಆ ಪಾಸ್‌ವರ್ಡ್ ಇರುವ ಸಂರಚನೆಯ ಫೈಲಿಗೆ 644 ಬೇಡ. ಗುಂಪನ್ನು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಎಂದು ಬದಲಿಸಿ 640 ಕೊಡಿ, ಸರ್ವರ್ ಓದುತ್ತದೆ, ಉಳಿದವರು ಓದಲಾರರು.

ಹಿಂದೆ ಇಂಥ ಸಂಪರ್ಕ ದೋಷವಾದಾಗ ಒಂದು ಎಚ್ಚರಿಕೆಯ ಸಾಲು ಬಂದು ಪುಟ ಮುಂದುವರಿಯುತ್ತಿತ್ತು. 8.1ರಿಂದ ಮೈಎಸ್‌ಕ್ಯೂಎಲ್‌ಐ ತಾನಾಗಿಯೇ ‘ಎಕ್ಸೆಪ್ಶನ್’ ಎಸೆಯುವುದರಿಂದ ಪುಟ ಅಲ್ಲಿಗೇ ನಿಲ್ಲುತ್ತದೆ. ನಿಮಗೆ 500 ಕಂಡದ್ದು ಅದಕ್ಕೇ.

ಕೌಲ್‌ಬಜಾರ್ ಕತ್ತರಿ (ಬಳ್ಳಾರಿ)

ಪುಟಗಳು ತೆರೆದುಕೊಂಡವು! ಅಣ್ಣನಿಗೆ ತೋರಿಸಿದೆ, ಅವರು ಮಾತಿಲ್ಲದೆ ಹಿಂದಿನ ತಿಂಗಳ ಮೊತ್ತವನ್ನು ನೋಟ್‌ಬುಕ್ಕಿನ ಜೊತೆ ತಾಳೆ ನೋಡಿ ತಲೆಯಾಡಿಸಿದರು. ಈಗ ಉಳಿದಿರುವುದು ಎರಡು. ಲಾಟಿನ ಮಾದರಿಯ ಫೋಟೊ ಏರಿಸಲು ಹೋದರೆ ‘ಅಪ್‌ಲೋಡ್ಸ್’ ಫೋಲ್ಡರಿಗೆ ಬರೆಯಲಾಗುತ್ತಿಲ್ಲ ಎನ್ನುತ್ತದೆ. ಅದೊಂದಕ್ಕಾದರೂ 777 ಕೊಡಬಹುದೇ? ಎರಡನೆಯದು, ಟೈಲರುಗಳ ಪಟ್ಟಿಯಲ್ಲಿ ಕನ್ನಡದ ಹೆಸರುಗಳು ಕೊನೆಯಲ್ಲಿ ತುಂಡಾಗಿ, ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆಯೊಂದು ಕಾಣುತ್ತಿದೆ. ಇಂಗ್ಲಿಷಿನಲ್ಲಿ ಬರೆದ ಹೆಸರುಗಳು ಸರಿಯಾಗಿವೆ.

ಶಕ್ತಿನಗರದ ಹಳಬ (ರಾಯಚೂರು)

ಅದೊಂದಕ್ಕೂ ಬೇಡ. ಅಪ್‌ಲೋಡ್ಸ್ ಫೋಲ್ಡರಿನ ಒಡೆಯರು ನೀವೇ ಇರಿ, ಗುಂಪು ಮಾತ್ರ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಆಗಲಿ, ಅನುಮತಿ 2775 ಇರಲಿ. ಮುಂದಿನ 2 ಇರುವುದರಿಂದ ಅದರೊಳಗೆ ಹುಟ್ಟುವ ಪ್ರತಿ ಫೈಲಿಗೂ ಅದೇ ಗುಂಪು ಬರುತ್ತದೆ. ಸರ್ವರಿಗೆ ಬರೆಯುವ ಹಕ್ಕು ಇರಬೇಕಾದದ್ದು ಈ ಒಂದು ಫೋಲ್ಡರಿಗೆ ಮಾತ್ರ, ಕೋಡು ಇರುವ ಫೋಲ್ಡರುಗಳಿಗೆ ಇರಕೂಡದು. ಜೊತೆಗೆ ಆ ಫೋಲ್ಡರಿನಲ್ಲಿ ಪಿಎಚ್‌ಪಿ ನಡೆಯದಂತೆ ಅಪಾಚೆಯ ಸಂರಚನೆಯಲ್ಲಿ ಎಂಜಿನನ್ನು ಆಫ್ ಮಾಡಿಡಿ. ಯಾರಾದರೂ ಚಿತ್ರದ ಹೆಸರಿನಲ್ಲಿ ಸ್ಕ್ರಿಪ್ಟ್ ಏರಿಸಿದರೂ ಅದು ಸತ್ತ ಫೈಲಾಗಿಯೇ ಬಿದ್ದಿರುತ್ತದೆ. ಮನೆಯ ಕಂಪ್ಯೂಟರ್ ತಾನೇ ಎನ್ನಬೇಡಿ. ಅಪಾಚೆ ಮೂಲತಃ ಎಲ್ಲ ಜಾಲಗಳಿಂದಲೂ ಕರೆ ಸ್ವೀಕರಿಸುತ್ತದೆ, ನಿಮ್ಮ ವೈಫೈ ಪಾಸ್‌ವರ್ಡ್ ಬಲ್ಲ ಪ್ರತಿ ಫೋನೂ ಅದರ ನೆರೆಮನೆಯೇ.

ಫೋನಿನ ಫೋಟೊಗಳು ದೊಡ್ಡವಿದ್ದರೆ ಇನ್ನೊಂದು ಕಡೆ ತಡೆಯಾಗುತ್ತದೆ. ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ ಮೂಲತಃ 2 ಎಂಬಿ, ‘ಪೋಸ್ಟ್ ಮ್ಯಾಕ್ಸ್ ಸೈಜ್’ 8 ಎಂಬಿ ಇರುತ್ತದೆ. ಮೊದಲನೆಯದನ್ನು 6 ಮಾಡಿ, ಬದಲಿಸುವುದು 8.1ರ ‘ಅಪಾಚೆ2’ ಕವಲಿನ ಪಿಎಚ್‌ಪಿ.ಐಎನ್‌ಐನಲ್ಲಿ ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಕಿನ್ನಾಳದ ಬಣ್ಣ (ಕೊಪ್ಪಳ)

ಹೆಸರು ತುಂಡಾಗುವುದರ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಾನೂ ಬಹಳ ದಿನ ಪೆಟ್ಟು ತಿಂದಿದ್ದೇನೆ. ನೀವು ‘ಸಬ್‌ಸ್ಟರ್’ ಫಂಕ್ಷನ್ನಿನಿಂದ ಹೆಸರನ್ನು ಇಂತಿಷ್ಟಕ್ಕೆ ಕತ್ತರಿಸುತ್ತಿರಬೇಕು. ಅದು ಅಕ್ಷರಗಳನ್ನು ಎಣಿಸುವುದಿಲ್ಲ, ಬೈಟುಗಳನ್ನು ಎಣಿಸುತ್ತದೆ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟು ಬೇಕು. ‘ಬಳ್ಳಾರಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಒಳಗೆ ಇರುವುದು ಬ, ಳ, ಸ್ವರ ಕಳೆಯುವ ವಿರಾಮದ ಗುರುತು, ಳ, ದೀರ್ಘದ ಗುರುತು, ರ, ಗುಡಿಸು ಎಂದು 7 ಸಂಕೇತ, ಅಂದರೆ 21 ಬೈಟು. 10 ಬೈಟಿಗೆ ಕತ್ತರಿಸಿದರೆ ಕತ್ತರಿ ನಾಲ್ಕನೆಯ ಸಂಕೇತದ ಒಳಗೇ ಬೀಳುತ್ತದೆ. ಉಳಿದ ಚೂರನ್ನು ಓದಲಾರದೆ ಬ್ರೌಸರ್ ಆ ವಜ್ರವನ್ನು ತೋರಿಸುತ್ತದೆ.

‘ಪಿಎಚ್‌ಪಿ8.1-ಎಂಬಿಸ್ಟ್ರಿಂಗ್’ ಹಾಕಿಕೊಂಡು ‘ಎಂಬಿ ಸಬ್‌ಸ್ಟರ್’ ಬಳಸಿದರೆ ವಜ್ರ ಹೋಗುತ್ತದೆ, ಆದರೆ ಅದು ಸಂಕೇತಗಳನ್ನು ಎಣಿಸುವುದರಿಂದ ಒತ್ತಕ್ಷರದ ನಡುವೆ ಕತ್ತರಿಸಿ ‘ಬಳ್’ ಎಂದು ನಿಲ್ಲಿಸಿಬಿಡಬಹುದು. ‘ಇಂಟ್ಲ್’ ಎಕ್ಸ್‌ಟೆನ್ಶನ್ನಿನ ‘ಗ್ರಾಫೀಮ್ ಸಬ್‌ಸ್ಟರ್’ ಗುಣಿತವನ್ನು ಮುರಿಯುವುದಿಲ್ಲ. ಇಷ್ಟಾದರೂ, ಹೆಸರನ್ನು ಪಿಎಚ್‌ಪಿಯಲ್ಲಿ ಕತ್ತರಿಸುವ ಗೋಜೇ ಬೇಡ ಎಂಬುದು ನನ್ನ ಅನುಭವ. ಪೂರ್ತಿ ಹೆಸರನ್ನು ಕಳಿಸಿ, ಪಟ್ಟಿಯ ಅಂಕಣ ಸಾಲದಿದ್ದರೆ ಸಿಎಸ್‌ಎಸ್‌ನಲ್ಲಿ ‘ಟೆಕ್ಸ್ಟ್ ಓವರ್‌ಫ್ಲೋ’ಗೆ ‘ಎಲಿಪ್ಸಿಸ್’ ಕೊಡಿ. ದುಡಿದವರ ಹೆಸರು ಬಟವಾಡೆಯ ಪಟ್ಟಿಯಲ್ಲಿ ಪೂರ್ತಿ ಇರುವುದೇ ಚೆಂದ.

ಡೇಟಾಬೇಸಿನ ಸಂಪರ್ಕ ಮಾಡಿದ ಕೂಡಲೇ ಅಕ್ಷರ ಸಮೂಹವನ್ನು ‘ಯುಟಿಎಫ್8ಎಂಬಿ4’ ಎಂದು ಗೊತ್ತುಪಡಿಸುವುದನ್ನೂ ಮರೆಯಬೇಡಿ.

ಬೆಟ್ಟದ ಸಾಲು (ಗಂಗಾವತಿ)

ಜಿಡಿ ಸಾಲಿನಿಂದ ನನ್ನದು ಸರಿಹೋಯಿತು. ಗುಂಪಿನ 2775 ವಿಷಯ ವಿಂಡೋಸಿನಲ್ಲಿ ಇಲ್ಲವೆಂದು ಸಮಾಧಾನಪಡಲೇ, ದುಃಖಪಡಲೇ ತಿಳಿಯುತ್ತಿಲ್ಲ.

ಕೌಲ್‌ಬಜಾರ್ ಕತ್ತರಿ (ಬಳ್ಳಾರಿ)

ಶುಕ್ರವಾರ ರಾತ್ರಿ ಬರೆಯುತ್ತಿದ್ದೇನೆ. ಅಪ್‌ಲೋಡ್ಸ್ 2775ರಲ್ಲಿ ಕೆಲಸ ಮಾಡುತ್ತಿದೆ. ಬಟವಾಡೆಯ ಪುಟವನ್ನು ಪಿಡಿಒಗೆ ತಿದ್ದಿ ಬರೆದೆ, ನೂರೈವತ್ತು ಸಾಲು ಇದ್ದದ್ದು ತೊಂಬತ್ತಕ್ಕೆ ಇಳಿಯಿತು. ಹೆಸರುಗಳು ಪೂರ್ತಿಯಾಗಿ ಬರುತ್ತಿವೆ. 8.3ರ ಪ್ಯಾಕೇಜುಗಳನ್ನೂ ಹೊರಗಿನ ಭಂಡಾರವನ್ನೂ ತೆಗೆದುಹಾಕಿದ ಮೇಲೆ ಟರ್ಮಿನಲ್ಲೂ ಅಪಾಚೆಯೂ 8.1 ಎಂದೇ ಹೇಳುತ್ತಿವೆ. ನಾಳೆ ಅಣ್ಣ ಘಟಕದಿಂದ ಬಂದ ಮೇಲೆ ಇದರಲ್ಲೇ ಬಟವಾಡೆ ಮಾಡುತ್ತಾರಂತೆ. ನೋಟ್‌ಬುಕ್ಕನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ ಎಂದಿದ್ದಾರೆ.

ಶಕ್ತಿನಗರದ ಹಳಬ (ರಾಯಚೂರು)

ಇಟ್ಟುಕೊಳ್ಳಲಿ, ಒಂದೆರಡು ತಿಂಗಳು ಎರಡೂ ಇರಲಿ. ಆ ಪಿಎಚ್‌ಪಿಇನ್‌ಫೊ ಪುಟವನ್ನು ಅಳಿಸಿದಿರೋ ಇಲ್ಲವೋ?

ಕೌಲ್‌ಬಜಾರ್ ಕತ್ತರಿ (ಬಳ್ಳಾರಿ)

ಇಲ್ಲ, ಮರೆತಿದ್ದೆ. ಈಗಷ್ಟೇ ಅಳಿಸಿದೆ. ಮೊದಲ ದಿನ ಪರೀಕ್ಷೆಗೆಂದು ಮೂಲ ಫೋಲ್ಡರಿಗೆ ನಕಲು ಮಾಡಿದ್ದ ಪುಟವೂ ಅಲ್ಲೇ ಕೂತಿತ್ತು, ಅದನ್ನೂ ತೆಗೆದೆ.